ಕೋಕಿಲೆ ಹಾಡು ನಿಲ್ಲಿಸಿದ್ದೇಕೆ?
ಸರೋಜಿನಿ ನಾಯ್ಡು ಅವರ ಬದುಕು ಮತ್ತು ಕಾವ್ಯವನ್ನು ಕುರಿತು

ಸರೋಜಿನಿ ನಾಯ್ಡು ಅವರ ಹೆಸರು ಕೇಳದವರು ನಮ್ಮಲ್ಲಿಲ್ಲ. ಅವರ ಕವಿತೆಗಳನ್ನು ಒಟ್ಟಾಗಿ ಓದಿದವರು ಮಾತ್ರ ವಿರಳ. ಶಾಲೆಯಲ್ಲಿ ಪಲ್ಲಕ್ಕಿ ಹೊರುವವರ ಪದ್ಯವನ್ನೋ ಬಳೆಗಾರರ ಪದ್ಯವನ್ನೋ ಬಾಯಿಪಾಠ ಮಾಡಿ, ‘ಭಾರತ ಕೋಕಿಲ’ ಎಂಬ ಬಿರುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿಕೊಂಡ ಮೇಲೆ ಮತ್ತೆ ಅತ್ತ ತಿರುಗಿ ನೋಡುವವರು ಕಡಿಮೆ. ಬಿರುದು ದೊಡ್ಡದಾದಷ್ಟೂ ಕವಿ ದೂರವಾಗುವುದು ನಮ್ಮ ದೇಶದ ಒಂದು ಪದ್ಧತಿಯೇ ಆಗಿಹೋಗಿದೆ.

ಹಾಗೆ ನೋಡಿದರೆ ಹೊರನಾಡಿನಲ್ಲಿರುವ ನಮಗೆ ಈ ಕವಿ ಅಷ್ಟು ದೂರದವರೇನಲ್ಲ. ನಾವು ಉದ್ಯೋಗ ನಿಮಿತ್ತ ಬಂದು ನೆಲೆಸಿದ ಊರುಗಳೆಲ್ಲ ಅವರ ಜೀವನಚರಿತ್ರೆಯ ಅಧ್ಯಾಯಗಳೇ. ಅವರು ಹುಟ್ಟಿದ್ದು 1879ರ ಫೆಬ್ರವರಿ 13ರಂದು, ಹೈದರಾಬಾದಿನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತದ್ದು ಮದರಾಸು ವಿಶ್ವವಿದ್ಯಾಲಯದಿಂದ, ಮದುವೆಯಾದದ್ದೂ ಮದರಾಸಿನಲ್ಲಿ. ರಾಜಕೀಯದ ಬಿರುಸಿನ ವರ್ಷಗಳಲ್ಲಿ ಬಿಡಾರ ಮುಂಬಯಿಯಲ್ಲಿ. 1942ರ ಆಗಸ್ಟ್‌ನಲ್ಲಿ ಗಾಂಧೀಜಿಯವರೊಡನೆ ಸೆರೆಯಾಗಿದ್ದುದು ಪುಣೆಯ ಆಗಾ ಖಾನ್ ಅರಮನೆಯಲ್ಲಿ. 1947ರ ವಸಂತದಲ್ಲಿ ಏಷ್ಯದ ದೇಶಗಳ ಬಾಂಧವ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತದ್ದು ದಿಲ್ಲಿಯಲ್ಲಿ. ಹುಟ್ಟಿದ ಊರು ಹೈದರಾಬಾದಾದರೂ ಮನೆತನದ ಊರು ಪೂರ್ವ ಬಂಗಾಳ. ಎಂದರೆ ಅವರೂ ವಲಸೆ ಬಂದ ಕುಟುಂಬದ ಮಗಳು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಕಾವ್ಯವನ್ನು ಓದಿದರೆ, ಕೇವಲ ದೇಶಭಕ್ತಿಯ ಕಣ್ಣಿಗೆ ಕಾಣದ ಕೆಲವು ವಿಷಯಗಳು ಕಾಣುತ್ತವೆ.

ಅವರು ಪ್ರಕಟಿಸಿದ ಕವನ ಸಂಗ್ರಹಗಳು ಮುಖ್ಯವಾಗಿ ಮೂರು: 1905ರಲ್ಲಿ ‘ದಿ ಗೋಲ್ಡನ್ ಥ್ರೆಷೋಲ್ಡ್’, 1912ರಲ್ಲಿ ‘ದಿ ಬರ್ಡ್ ಆಫ್ ಟೈಮ್’, 1917ರಲ್ಲಿ ‘ದಿ ಬ್ರೋಕನ್ ವಿಂಗ್’. ಆಮೇಲೆ ಅವರು ಬದುಕಿದ್ದು ಮೂವತ್ತೆರಡು ವರ್ಷ. ಆ ಅವಧಿಯಲ್ಲಿ ಹಳೆಯ ಕವಿತೆಗಳನ್ನು ಕೂಡಿಸಿದ ಸಂಪುಟ ಹೊರಬಂದಿತೇ ಹೊರತು ಹೊಸ ಸಂಗ್ರಹ ಬರಲಿಲ್ಲ. ಮೂವತ್ತೆಂಟನೆಯ ವಯಸ್ಸಿಗೆ ಕವಿಯ ಬಾಯಿ ಕಟ್ಟಿತು. ಏಕೆ? ‘ದೇಶಕ್ಕಾಗಿ ಕಾವ್ಯವನ್ನು ತ್ಯಾಗ ಮಾಡಿದರು’ ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲಿದೆ. ಉತ್ತರ ಸುಂದರವಾಗಿದೆ, ಆದರೆ ಸಾಲದು.

ಮನೆಯ ಮಾತು, ಕೋಣೆಯ ಮಾತು

ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಎಡಿನ್‌ಬರೋದಲ್ಲಿ ವಿಜ್ಞಾನದ ಡಾಕ್ಟರೇಟ್ ಪಡೆದು ಬಂದವರು. ಮುಂದೆ ನಿಜಾಮ್ ಕಾಲೇಜಾಗಿ ಬೆಳೆದ ಸಂಸ್ಥೆಗೆ ಹೈದರಾಬಾದಿನಲ್ಲಿ ಅಡಿಪಾಯ ಹಾಕಿದವರು. ತಾಯಿ ವರದಸುಂದರಿ ದೇವಿ ಬಂಗಾಳಿಯಲ್ಲಿ ಹಾಡು ಕಟ್ಟುತ್ತಿದ್ದವರು. ಮನೆಯಲ್ಲಿ ಪಂಡಿತರು, ಮೌಲ್ವಿಗಳು, ರಸವಾದದ ಹುಚ್ಚು ಹಿಡಿದವರು, ಎಲ್ಲರಿಗೂ ಬಾಗಿಲು ತೆರೆದಿತ್ತು. ಎಂಟು ಮಕ್ಕಳಲ್ಲಿ ಸರೋಜಿನಿ ಹಿರಿಯಳು.

ಮೊದಲ ಸಂಗ್ರಹಕ್ಕೆ ಮುನ್ನುಡಿ ಬರೆದ ಆರ್ಥರ್ ಸೈಮನ್ಸ್‌ಗೆ ಅವರೇ ತಿಳಿಸಿದ ಒಂದು ಪ್ರಸಂಗವಿದೆ. ಬಾಲಕಿ ಇಂಗ್ಲಿಷ್ ಮಾತನಾಡಲು ಹಟ ಹಿಡಿದು ಒಪ್ಪುತ್ತಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ಒಂದು ದಿನ ಅವಳನ್ನು ಕೋಣೆಯಲ್ಲಿ ಒಬ್ಬಳನ್ನೇ ಕೂಡಿಹಾಕಿದರು. ಹೊರಗೆ ಬಂದಾಗ ಅವಳ ಬಾಯಲ್ಲಿ ಇಂಗ್ಲಿಷ್ ಇತ್ತು. ಅಂದಿನಿಂದ ತಂದೆಯೊಡನೆ, ತಾಯಿಯೊಡನೆ ಅವಳು ಆಡಿದ್ದು ಆ ಒಂದೇ ಭಾಷೆ. ತಾಯಿ ಅವಳೊಡನೆ ಆಡುತ್ತಿದ್ದುದು ಹಿಂದೂಸ್ಥಾನಿ. ಬಂಗಾಳಿ ಕವಯಿತ್ರಿಯಾದ ತಾಯಿ ಮಗಳೊಡನೆ ಬಂಗಾಳಿಯನ್ನೇ ಆಡದೆ ಹಿಂದೂಸ್ಥಾನಿಯಲ್ಲಿ ಮಾತನಾಡುವುದು, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು! ನೂರಮೂವತ್ತು ವರ್ಷಗಳ ಹಿಂದಿನ ಹೈದರಾಬಾದಿನ ಈ ಚಿತ್ರ ಇಂದಿನ ಮಾಟುಂಗಾದಲ್ಲೋ ಕರೋಲ್‌ಬಾಗಿನಲ್ಲೋ ಯಾವ ಮನೆಯಲ್ಲಾದರೂ ಕಾಣಸಿಕ್ಕೀತು. ಸರೋಜಿನಿದೇವಿಯವರು ಈ ಕಥೆಯನ್ನು ದೂರಿನ ದನಿಯಲ್ಲಿ ಹೇಳಿಲ್ಲ. ಅದು ಅವರಿಗೆ ಗೆಲುವಿನ ಕಥೆ. ಆದರೆ ಓದುವ ನಮಗೆ ಆ ಮುಚ್ಚಿದ ಕೋಣೆ ಮರೆಯುವುದಿಲ್ಲ.

ಬುದ್ಧಿ ಅಪಾರವಾಗಿತ್ತು. ಹನ್ನೆರಡನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಯಿತು. ಹನ್ನೊಂದರಲ್ಲಿ, ಬೀಜಗಣಿತದ ಲೆಕ್ಕ ಬಿಡಿಸಲಾಗದೆ ಕುಳಿತಿದ್ದಾಗ ಮೊದಲ ಕವಿತೆ ಬಂದಿತೆಂದು ಅವರೇ ಹೇಳಿಕೊಂಡಿದ್ದಾರೆ. ಹದಿಮೂರರಲ್ಲಿ ಆರು ದಿನಗಳೊಳಗೆ 1,300 ಸಾಲಿನ ಒಂದು ಕಥನಕವನವನ್ನು ಇಂಗ್ಲಿಷಿನಲ್ಲಿ ಬರೆದರು. 1895ರಲ್ಲಿ ನಿಜಾಮರ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲೂ ಕೇಂಬ್ರಿಜ್‌ನ ಗರ್ಟನ್ನಿನಲ್ಲೂ ಓದಿದರು.

ಗಾಸ್ ಅವರ ಹಿತವಚನ

ಲಂಡನ್ನಿನಲ್ಲಿ ವಿಮರ್ಶಕ ಎಡ್ಮಂಡ್ ಗಾಸ್ ಅವರ ಕೈಗೆ ಈ ಹುಡುಗಿಯ ಹಸ್ತಪ್ರತಿ ಬಂದಿತು. ಛಂದಸ್ಸು, ವ್ಯಾಕರಣ ಎಲ್ಲವೂ ನಿರ್ದುಷ್ಟ. ಆದರೆ ಹಾಡುತ್ತಿದ್ದ ಹಕ್ಕಿಗಳು ಇಂಗ್ಲೆಂಡಿನವು, ಅರಳಿದ ಹೂಗಳು ಇಂಗ್ಲೆಂಡಿನವು. ಇದನ್ನೆಲ್ಲ ಬಿಸುಟು ನಿಮ್ಮ ನಾಡಿನ ಬೆಟ್ಟ, ಹೂ, ಗುಡಿ, ಜನರನ್ನು ಕುರಿತು ಬರೆಯಿರಿ, ದಖ್ಖಣದ ಕವಿಯಾಗಿರಿ ಎಂದು ಗಾಸ್ ತಿಳಿಹೇಳಿದರು. ಎರಡನೆಯ ಸಂಗ್ರಹದ ಮುನ್ನುಡಿಯಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಸರೋಜಿನಿದೇವಿಯವರು ಈ ಮಾತನ್ನು ಶಿರಸಾವಹಿಸಿದರು.

ಇದರ ಫಲ ನಮ್ಮ ಕಣ್ಣ ಮುಂದಿದೆ. ನೇಕಾರರು, ಮೀನುಗಾರರು, ಬಳೆಗಾರರು, ಹಾವಾಡಿಗರು, ಜೋಳ ಬೀಸುವವರು, ಹೈದರಾಬಾದಿನ ಸಂತೆಬೀದಿ, ಬೃಂದಾವನದ ಕೊಳಲು, ಲಖ್ನೋದ ಇಮಾಮ್‌ಬಾಡಾ. ಲಯದ ಮೇಲೆ ಅವರಿಗಿದ್ದ ಹಿಡಿತ ಅಸಾಧಾರಣ. ಪಲ್ಲಕ್ಕಿಯ ಪದ್ಯವನ್ನು ಗಟ್ಟಿಯಾಗಿ ಓದಿದರೆ ಹೆಜ್ಜೆಯ ತೂಗಾಟ ನಮ್ಮ ಉಸಿರಿಗೇ ಬರುತ್ತದೆ; ಕೋರಮಂಡಲದ ಮೀನುಗಾರರ ಪದ್ಯದಲ್ಲಿ ಹುಟ್ಟುಹಾಕುವ ಸೆಳೆತವಿದೆ. ಇಂಗ್ಲಿಷ್ ಭಾಷೆಯನ್ನು ಈ ರೀತಿ ಕುಣಿಸಿದ ಭಾರತೀಯರು ಅವರಿಗೆ ಮುಂಚೆ ಇರಲಿಲ್ಲವೆಂದೇ ಹೇಳಬೇಕು.

ಆದರೆ ಪಲ್ಲಕ್ಕಿಯ ಪದ್ಯದಲ್ಲಿ ಹೊತ್ತವರ ಹೆಗಲು ನೋಯುವುದಿಲ್ಲ. ಪಲ್ಲಕ್ಕಿಯ ಒಳಗಿನವಳ ಸೌಂದರ್ಯವಷ್ಟೇ ಅವರ ಹಾಡಿಗೆ ವಸ್ತು. ಜೋಳ ಬೀಸುವವರ ಪದ್ಯವನ್ನು ನಮ್ಮ ಬೀಸುವ ಪದಗಳ ಪಕ್ಕದಲ್ಲಿಟ್ಟು ನೋಡಿ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಗ್ರಹದಲ್ಲಿ ಬೀಸುವ ಕಲ್ಲು ಒಂದು ಜೀವಂತ ವ್ಯಕ್ತಿ. ಅದರೊಡನೆ ಹೆಣ್ಣು ಮಾತನಾಡುತ್ತಾಳೆ, ತವರನ್ನು ನೆನೆಯುತ್ತಾಳೆ, ಅಣ್ಣನನ್ನು ಹರಸುತ್ತಾಳೆ. ಸರೋಜಿನಿದೇವಿಯವರ ಪದ್ಯದಲ್ಲಿ ಬೀಸುವ ಕಲ್ಲು ಶೀರ್ಷಿಕೆಯಲ್ಲಿ ಮಾತ್ರ ಇದೆ. ಒಳಗೆ ಇರುವುದು ಗಂಡನನ್ನು ಕಳೆದುಕೊಂಡ ಇಲಿ, ಜಿಂಕೆ ಮತ್ತು ವಧುವಿನ ಅಳಲು. ಹೀಗಿದ್ದರೂ ಆ ಪದ್ಯವನ್ನು ತಳ್ಳಿಹಾಕುವಂತಿಲ್ಲ. ಇಲಿಯ ಗಂಡ ಸತ್ತದ್ದು ಶ್ರೀಮಂತ ರೈತನ ಕಣಜದಲ್ಲಿ ಒಂದು ಕಾಳು ಹುಡುಕಲು ಹೋಗಿ. ಆ ಒಂದು ಕಾಳಿನಲ್ಲಿ ಕವಿ ಹೇಳಬಯಸಿದ್ದಕ್ಕಿಂತ ಹೆಚ್ಚು ಭಾರತವಿದೆ.

ಅವರ ಅತ್ಯುತ್ತಮ ಕೃತಿಯೆಂದರೆ ನನ್ನ ಮಟ್ಟಿಗೆ ನೇಕಾರರ ಪುಟ್ಟ ಕವಿತೆ. ಮೂರೇ ನುಡಿ. ಬೆಳಗಿನಲ್ಲಿ ಕೂಸಿನ ಬಟ್ಟೆ, ಇರುಳಿಳಿಯುವಾಗ ಮದುವೆಯ ಮುಸುಕು, ಬೆಳುದಿಂಗಳ ಚಳಿಯಲ್ಲಿ ಹೆಣದ ಹೊದಿಕೆ. ದಿನದ ಮೂರು ಹೊತ್ತು, ಬಾಳಿನ ಮೂರು ಘಟ್ಟ, ಒಂದೇ ಮಗ್ಗ. ಇಲ್ಲಿ ಅಲಂಕಾರಕ್ಕೆ ಎಡೆಯೇ ಇಲ್ಲ. ಮಗ್ಗದ ಕುಣಿಯಿಂದ ತತ್ತ್ವ ಮೇಲೆದ್ದು ಬರುವುದು ದೇವರ ದಾಸಿಮಯ್ಯನ ನಾಡಿನವರಾದ ನಮಗೆ ಹೊಸದಲ್ಲ. ಆದ್ದರಿಂದಲೇ ಈ ಕವಿತೆ ಇಂಗ್ಲಿಷಿನಲ್ಲಿದ್ದೂ ನಮಗೆ ಪರಕೀಯವಾಗಿ ತೋರುವುದಿಲ್ಲ.

ಉಳಿದ ಬಹಳಷ್ಟು ಕವಿತೆಗಳ ತೊಂದರೆಯೆಂದರೆ ಅವುಗಳ ಭಾರತ ಹೊರಗಿನವರಿಗೆ ತೋರಿಸಲೆಂದು ಅಣಿಮಾಡಿದ ಭಾರತ. ಬಳೆಗಾರನೂ ಹಾವಾಡಿಗನೂ ಸಾಲಾಗಿ ಬಂದು ನಿಂತು, ಬಣ್ಣ ತೋರಿಸಿ, ಹೊರಟುಹೋಗುತ್ತಾರೆ. ಇದನ್ನು ಹೇಳುವಾಗ ನಾವೂ ಕೊಂಚ ಎಚ್ಚರದಿಂದಿರಬೇಕು. ರಾಜ್ಯೋತ್ಸವದ ದಿನ ನಮ್ಮ ಸಂಘಗಳ ವೇದಿಕೆಯ ಮೇಲೆ ಕಂಸಾಳೆ, ಕೋಲಾಟ, ಇಳಕಲ್ ಸೀರೆಯ ಮೆರವಣಿಗೆ ಮಾಡಿಸಿ, ಅದನ್ನೇ ಕರ್ನಾಟಕವೆಂದು ಮಕ್ಕಳಿಗೆ ತೋರಿಸುವ ನಾವು ಗಾಸ್ ಅವರ ಹಿತವಚನವನ್ನೇ ಪಾಲಿಸುತ್ತಿಲ್ಲವೇ? ದೂರದಿಂದ ನೋಡುವವರಿಗೆ ಊರು ಯಾವಾಗಲೂ ಬಣ್ಣಬಣ್ಣವಾಗಿಯೇ ಕಾಣುತ್ತದೆ.

ಬದುಕು ಮುಂದೆ, ಕವಿತೆ ಹಿಂದೆ

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಬದುಕಿನಲ್ಲಿ ಸರೋಜಿನಿದೇವಿಯವರು ತಮ್ಮ ಕಾವ್ಯಕ್ಕಿಂತ ಬಹಳ ಮುಂದಿದ್ದರು. ಬಂಗಾಳಿ ಬ್ರಾಹ್ಮಣ ಮನೆತನದ ಹುಡುಗಿ ಬ್ರಾಹ್ಮಣೇತರ ತೆಲುಗು ವೈದ್ಯ ಗೋವಿಂದರಾಜುಲು ನಾಯ್ಡು ಅವರನ್ನು ಮೆಚ್ಚಿ, ಮನೆಯವರ ಅಸಮಾಧಾನವನ್ನು ಎದುರಿಸಿ, 1898ರ ಡಿಸೆಂಬರಿನಲ್ಲಿ ಮದುವೆಯಾದರು. ಮದುವೆಯನ್ನು ನಡೆಸಿಕೊಟ್ಟವರು ವಿಧವಾ ವಿವಾಹಕ್ಕಾಗಿ ಆಂಧ್ರದಲ್ಲಿ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಪಂತುಲು. ಇಂಥ ಮದುವೆಯಾದವರು 1905ರ ಸಂಗ್ರಹದಲ್ಲಿ ಸಹಗಮನ ಮಾಡುವವಳ ಬಾಯಲ್ಲಿ ಒಂದು ಹಾಡನ್ನಿಟ್ಟು, ಚಿತೆಯನ್ನು ಪ್ರೇಮದ ಪರಾಕಾಷ್ಠೆಯೆಂಬಂತೆ ಚಿತ್ರಿಸಿದರು! ವೀರೇಶಲಿಂಗಂ ಅವರು ಅದನ್ನು ಓದಿದ್ದರೆ ಏನೆನ್ನುತ್ತಿದ್ದರೋ.

ಇದನ್ನು ಆಷಾಢಭೂತಿತನವೆನ್ನಲಾಗದು. ಕಾವ್ಯವೆಂದರೆ ಕನಸಿನ ಲೋಕ, ಸುಧಾರಣೆಯೆಂದರೆ ಹಗಲಿನ ಕೆಲಸ ಎಂಬ ವಿಭಜನೆ ಆ ಕಾಲದ ಇಂಗ್ಲಿಷ್ ಕಾವ್ಯಾಭಿರುಚಿಯಿಂದ ಅವರಿಗೆ ಬಂದ ಬಳುವಳಿ. ಅಪರೂಪಕ್ಕೆ ಈ ಗೋಡೆ ಬಿರುಕು ಬಿಟ್ಟದ್ದೂ ಉಂಟು. ಪರದೆಯ ಹೆಣ್ಣನ್ನು ಕುರಿತ ಕವಿತೆ ರೇಷ್ಮೆ, ರತ್ನಗಳ ವರ್ಣನೆಯಿಂದ ತೊಡಗಿ ಇನ್ನೊಂದು ಬಣ್ಣದ ಚಿತ್ರವಾಗುವಂತೆ ಕಾಣುತ್ತದೆ. ಕೊನೆಯಲ್ಲಿ ಮಾತ್ರ, ಪರಪುರುಷರ ನೋಟವನ್ನು ತಡೆಯುವ ಪರದೆ ಮುಪ್ಪನ್ನಾಗಲಿ ದುಃಖವನ್ನಾಗಲಿ ತಡೆಯಲಾರದೆಂಬ ಅರಿವು ತಣ್ಣಗೆ ಒಳನುಗ್ಗುತ್ತದೆ. ಇಲ್ಲಿ ಜನಾನಾದ ಹೆಂಗಸರನ್ನು ಹತ್ತಿರದಿಂದ ಕಂಡವಳ ದನಿಯಿದೆ. ಹಾಗೆಯೇ ಹಿಂದೂ-ಮುಸ್ಲಿಮ್ ಸೌಹಾರ್ದದ ಕವಿತೆಗಳಲ್ಲಿಯೂ ಅವರಿಗೆ ಕೃತಕತೆ ತಟ್ಟುವುದಿಲ್ಲ; ಹೈದರಾಬಾದಿನ ಬೀದಿಯಲ್ಲಿ ಬೆಳೆದ ಮಗುವಿಗೆ ಅದು ಘೋಷಣೆಯಾಗಿರದೆ ಉಸಿರಾಡುವ ಗಾಳಿಯಾಗಿತ್ತು.

1915ರಲ್ಲಿ ಬರೆದ ‘ದಿ ಗಿಫ್ಟ್ ಆಫ್ ಇಂಡಿಯಾ’ ಒಂದು ತಿರುವು. ಮೊದಲ ಮಹಾಯುದ್ಧದಲ್ಲಿ ಪರದೇಶದ ಮಣ್ಣಿನಲ್ಲಿ ಮಡಿದ ಭಾರತೀಯ ಸೈನಿಕರ ಪರವಾಗಿ ತಾಯಿ ಭಾರತಿ ಜಗತ್ತನ್ನು ಕೇಳುವ ಪ್ರಶ್ನೆ ಅದು. ಇಲ್ಲಿ ಮೊಟ್ಟಮೊದಲಿಗೆ ಭಾರತ ನೋಡುವ ವಸ್ತುವಾಗಿರದೆ ಎದುರು ನಿಂತು ಮಾತನಾಡುತ್ತದೆ. ಆದರೆ ಗಮನಿಸಿ: ಕವಿತೆಯ ಧಾಟಿ ಆಗಲೇ ಭಾಷಣದ ಧಾಟಿ.

ಉಪ್ಪಿನ ಕಡಲ ದಂಡೆಯಲ್ಲಿ

ಗೋಖಲೆಯವರ ಪ್ರೇರಣೆ, 1914ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯವರ ಮೊದಲ ಭೇಟಿ, ಅಲ್ಲಿಂದ ಮುಂದಿನ ಕಥೆ ಸುಪರಿಚಿತ. 1917ರ ಡಿಸೆಂಬರಿನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಕೇಳಲು ಮದರಾಸಿನಲ್ಲಿ ಮಾಂಟೆಗು ಅವರನ್ನು ಕಂಡ ನಿಯೋಗಕ್ಕೆ ಅವರೇ ನಾಯಕಿ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾದರು. ಮರುವರ್ಷ ಕಾನಪುರದಲ್ಲಿ ಅವರಿಂದ ಆ ಸ್ಥಾನವನ್ನು ವಹಿಸಿಕೊಂಡವರು ಸರೋಜಿನಿದೇವಿ, ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಮೊದಲ ಭಾರತೀಯ ಮಹಿಳೆ.

1930ರ ಮೇ ತಿಂಗಳು. ಗಾಂಧೀಜಿಯವರ ಬಂಧನವಾಯಿತು, ಅಬ್ಬಾಸ್ ತ್ಯಾಬ್ಜಿಯವರ ಬಂಧನವಾಯಿತು. ಧಾರಾಸಣಾದ ಉಪ್ಪಿನ ಕೋಠಿಯ ಸತ್ಯಾಗ್ರಹದ ಹೊಣೆ ಐವತ್ತೊಂದು ವರ್ಷದ ಈ ಕವಿಯ ಮೇಲೆ ಬಿದ್ದಿತು. ಮೇ 21ರಂದು ಸುಮಾರು 2,500 ಸ್ವಯಂಸೇವಕರ ಮುಂದೆ ನಿಂತು, ಏಟು ಬಿದ್ದರೆ ತಡೆಯಲು ಕೈ ಕೂಡ ಎತ್ತಬಾರದೆಂದು ಅವರು ಹೇಳಿದರು. ಸಾಲುಸಾಲಾಗಿ ಮುಂದೆ ಹೋದವರ ತಲೆಯ ಮೇಲೆ ಲಾಠಿಗಳು ಬಿದ್ದವು, ಒಬ್ಬರೂ ಕೈಯೆತ್ತಲಿಲ್ಲ. ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ಕಣ್ಣಾರೆ ಕಂಡು ಬರೆದ ವರದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಸರೋಜಿನಿದೇವಿಯವರನ್ನು ಅಂದೇ ಬಂಧಿಸಿದರು. ಅದೇ ಸತ್ಯಾಗ್ರಹದ ಕಾಲದಲ್ಲಿ ಮುಂಬಯಿಯ ಬೀದಿಗಳಲ್ಲಿ ಉಪ್ಪಿನ ಪೊಟ್ಟಣ ಮಾರಿ ಸೆರೆಮನೆ ಸೇರಿದವರು ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಸರೋಜಿನಿಯವರ ತಮ್ಮ, ಕವಿ ಹರೀಂದ್ರನಾಥರ ಕೈಹಿಡಿದವರು ಅವರು. ದಂಡಿಯಾತ್ರೆಯ ತಂಡದಲ್ಲಿ ಒಬ್ಬ ಹೆಂಗಸೂ ಇರದಿದ್ದಾಗ ಗಾಂಧೀಜಿಯವರೊಡನೆ ವಾದಿಸಿ ಹೆಂಗಸರಿಗೂ ಸತ್ಯಾಗ್ರಹದ ಬಾಗಿಲು ತೆರೆಸಿದ ದಿಟ್ಟೆ.

ಧಾರಾಸಣಾ ಕಡಲತಡಿಯ ಊರು. ಕೋರಮಂಡಲದ ಪದ್ಯದಲ್ಲಿ ಕಡಲು ತಾಯಿ, ಮುಗಿಲು ಅಣ್ಣ, ಅಲೆಗಳು ಜೊತೆಗಾರರು. ಇಪ್ಪತ್ತೈದು ವರ್ಷಗಳ ತರುವಾಯ ಅದೇ ಕವಿಯ ಕಣ್ಣೆದುರಿಗೆ ಕಡಲಿತ್ತು, ಉಪ್ಪಿತ್ತು, ರಕ್ತವಿತ್ತು. ಕವಿತೆ ಹುಟ್ಟಲಿಲ್ಲ. ಏಕೆಂದರೆ ಅವರು ರೂಢಿಸಿಕೊಂಡಿದ್ದ ಕಾವ್ಯಭಾಷೆಯಲ್ಲಿ ಲಾಠಿಗೆ ಜಾಗವಿರಲಿಲ್ಲ. ಅದು ಚಂಪಕಕ್ಕೆ, ಬುಲ್‌ಬುಲ್‌ಗೆ, ಚಂದನದ ಧೂಪಕ್ಕೆ ಹೇಳಿಮಾಡಿಸಿದ ಭಾಷೆ. ಅತ್ತ ಇಂಗ್ಲೆಂಡಿನಲ್ಲಿಯೂ ಯುದ್ಧ ಮುಗಿದ ಮೇಲೆ ಆ ಶೈಲಿ ಹಳತಾಗಿತ್ತು. 1922ರಲ್ಲಿ ಎಲಿಯಟ್ಟರ ‘ದಿ ವೇಸ್ಟ್ ಲ್ಯಾಂಡ್’ ಬಂದ ಮೇಲೆ ಮೊದಲಿನ ಮಾಧುರ್ಯಕ್ಕೆ ಕೇಳುವವರಿರಲಿಲ್ಲ. ಸಂಪೂರ್ಣ ಮೌನವೆಂದೂ ಹೇಳಲಾಗದು. 1927ರಲ್ಲಿ ಅವರು ಒಂದಷ್ಟು ಕವಿತೆ ಬರೆದರು, ಪ್ರಕಟಿಸಲಿಲ್ಲ. ಮಗಳು ಪದ್ಮಜಾ ಅವರು 1961ರಲ್ಲಿ ‘ದಿ ಫೆದರ್ ಆಫ್ ದಿ ಡಾನ್’ ಎಂದು ಹೊರತಂದರು. ಓದಿದರೆ ಹಳೆಯ ರಾಗವೇ. ರಾಜಕೀಯ ಅವರ ಸಮಯವನ್ನು ಕಸಿದುಕೊಂಡದ್ದು ನಿಜ. ಆದರೆ ಬಿಡುವು ಸಿಕ್ಕಾಗ ಬಂದ ಕವಿತೆಗಳಲ್ಲಿಯೂ ಅವರು ಕಂಡ ಹೊಸ ಭಾರತ ಬರಲಿಲ್ಲ. ತಮಗೆ ನಿಜವಾದ ಕವಿಯ ಕಂಠವಿದೆಯೇ ಎಂಬ ಸಂದೇಹವನ್ನು ಹರೆಯದಲ್ಲೇ ಪತ್ರವೊಂದರಲ್ಲಿ ತೋಡಿಕೊಂಡಿದ್ದವರಿಗೆ ಇದು ತಿಳಿಯದೇ ಇರಲಿಲ್ಲವೆಂದು ತೋರುತ್ತದೆ.

ಎರಡು ಸಲಹೆಗಳು

ಇಲ್ಲಿ ನಮ್ಮ ಸಾಹಿತ್ಯದ ಒಂದು ಘಟನೆಯನ್ನು ನೆನೆಯಬೇಕು. ಕುವೆಂಪು ಅವರೂ ಮೊದಲು ಇಂಗ್ಲಿಷಿನಲ್ಲಿಯೇ ಬರೆದವರು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಇಂಗ್ಲಿಷ್ ಕವನಗಳ ಪುಸ್ತಿಕೆ ಅಚ್ಚಾಗಿತ್ತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವಿತೆಗಳನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕಸಿನ್ಸ್ ಕೇಳಿದರು, ಮಾತೃಭಾಷೆಯಲ್ಲಿ ಬರೆಯಿರಿ ಎಂದರು. ಮುಂದೆ ನಡೆದದ್ದು ಎಲ್ಲ ಕನ್ನಡಿಗರೂ ಬಲ್ಲರು. (ಈ ಕಸಿನ್ಸ್ ಅವರ ಪತ್ನಿ ಮಾರ್ಗರೆಟ್ 1917ರ ಮಹಿಳಾ ನಿಯೋಗದಲ್ಲಿ ಸರೋಜಿನಿಯವರ ಒಡನಾಡಿ.)

ಇಬ್ಬರು ಹೊರದೇಶದವರು, ಇಬ್ಬರು ಎಳೆಯ ಭಾರತೀಯ ಕವಿಗಳು, ಎರಡು ಸಲಹೆಗಳು. ವಸ್ತುವನ್ನು ಬದಲಾಯಿಸು ಎಂದರು ಗಾಸ್. ಭಾಷೆಯನ್ನೇ ಬದಲಾಯಿಸು ಎಂದರು ಕಸಿನ್ಸ್. ವಸ್ತು ಬದಲಾದ ಕಡೆ ಮೂರು ಚೆಲುವಾದ ಸಂಗ್ರಹಗಳು ಬಂದು ಬಾಗಿಲು ಮುಚ್ಚಿತು. ಭಾಷೆ ಬದಲಾದ ಕಡೆ ಅರ್ಧ ಶತಮಾನಕ್ಕೂ ಮೀರಿ ಬೆಳೆ ಬಂದಿತು. ಅದೇ ಕಾಲದಲ್ಲಿ ಬಿ.ಎಂ.ಶ್ರೀ. ಅವರು ‘ಇಂಗ್ಲಿಷ್ ಗೀತಗಳು’ ಮೂಲಕ ಅದೇ ಇಂಗ್ಲಿಷ್ ಕಾವ್ಯವನ್ನು ಕನ್ನಡದ ಒಳಕ್ಕೆ ತಂದು ನಮ್ಮ ಛಂದಸ್ಸಿಗೆ ಹೊಸ ನೀರು ಹಾಯಿಸಿದರು.

ಆದರೆ ಈ ಹೋಲಿಕೆಯನ್ನು ಹೆಚ್ಚು ಎಳೆಯುವುದು ಅನ್ಯಾಯ. ಕುಪ್ಪಳಿಯ ಹುಡುಗನಿಗೆ ಹಿಂತಿರುಗಲು ಒಂದು ಭಾಷೆ ಕಾದಿತ್ತು. ಸರೋಜಿನಿದೇವಿಯವರು ಯಾವುದಕ್ಕೆ ಹಿಂತಿರುಗಬೇಕಿತ್ತು? ಮನೆತನದ ಬಂಗಾಳಿಗೋ, ಅಮ್ಮನ ಬಾಯಿಂದ ಕೇಳಿದ ಹಿಂದೂಸ್ಥಾನಿಗೋ, ಗಂಡನ ತೆಲುಗಿಗೋ? ಹಲವು ಭಾಷೆಗಳು ಸುತ್ತಲೂ ಇದ್ದವು. ಅಪ್ಪ ಕೋಣೆಯಲ್ಲಿ ಕೂಡಿಹಾಕಿ ಕಲಿಸಿದ್ದೊಂದೇ ಪೂರ್ತಿಯಾಗಿ ಕೈಗೆ ಬಂದಿತ್ತು. ಅದೇ ಭಾಷೆಯಿಂದ ಅವರು ಕಾಂಗ್ರೆಸ್ಸಿನ ವೇದಿಕೆಯ ಮೇಲೆ ತಮಿಳರನ್ನೂ ಗುಜರಾತಿಗಳನ್ನೂ ಮುಟ್ಟಿದರು, ಆಫ್ರಿಕದಲ್ಲಿ ಅಮೆರಿಕದಲ್ಲಿ ಭಾರತದ ಪರವಾಗಿ ವಾದಿಸಿದರು. ಒಂದೇ ಊರಿನ ಭಾಷೆಯವರಾಗಿದ್ದರೆ ಎಲ್ಲ ಊರುಗಳ ದನಿಯಾಗುತ್ತಿದ್ದರೋ ಇಲ್ಲವೋ. ಅವರ ನಷ್ಟವೂ ಲಾಭವೂ ಒಂದೇ ಬೇರಿನವು.

1950ರ ದಶಕದ ಕೊನೆಯಿಂದೀಚೆಗೆ ಇಂಗ್ಲಿಷಿನಲ್ಲಿ ಬರೆದ ಹೊಸ ತಲೆಮಾರಿನ ಭಾರತೀಯ ಕವಿಗಳು ಈ ಹಳೆಯ ಮಾಧುರ್ಯವನ್ನು ಬದಿಗೆ ಸರಿಸಿದರು. ನಮ್ಮಲ್ಲಿಯೂ ನವ್ಯದ ಗಾಳಿ ಬೀಸಿದ ಮೇಲೆ ಇಂಥ ಕಾವ್ಯವನ್ನು ಗೇಲಿ ಮಾಡುವುದು ಸುಲಭವಾಯಿತು. ಅಷ್ಟು ಅವಸರ ಬೇಡ. ಅವರ ಸುಮಾರು ಇನ್ನೂರು ಕವಿತೆಗಳಲ್ಲಿ ನೇಕಾರರ ಪದ್ಯ, ಪರದೆಯ ಹೆಣ್ಣಿನ ಪದ್ಯ, ಸೈನಿಕರ ಪದ್ಯ, ಇನ್ನೂ ಏಳೆಂಟು ಗಟ್ಟಿಯಾಗಿ ನಿಲ್ಲುತ್ತವೆ. ಯಾವ ಕವಿಗಾದರೂ ಇದು ಸಣ್ಣ ಸಂಪಾದನೆಯಲ್ಲ.

ಸ್ವಾತಂತ್ರ್ಯ ಬಂದ ದಿನ ಉತ್ತರ ಪ್ರದೇಶವಾಗಲಿದ್ದ ಸಂಯುಕ್ತ ಪ್ರಾಂತದ ರಾಜ್ಯಪಾಲರಾಗಿ, ದೇಶದ ಮೊದಲ ಮಹಿಳಾ ರಾಜ್ಯಪಾಲರೆನಿಸಿ, 1949ರ ಮಾರ್ಚ್ 2ರಂದು ಲಖ್ನೋದಲ್ಲಿ ಅವರು ತೀರಿಕೊಂಡರು. ಹೈದರಾಬಾದಿನ ಆಬಿಡ್ಸ್ ಬಳಿ ಮೊದಲ ಸಂಗ್ರಹದ ಹೆಸರನ್ನೇ ಹೊತ್ತ ಅವರ ಮನೆಯಿದೆ. 1974ರಲ್ಲಿ ಸ್ಥಾಪಿತವಾದ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಅದೇ ಮೊದಲ ನೆಲೆ. ಅತ್ತ ಹೋದಾಗ ಮಕ್ಕಳನ್ನು ಕರೆದೊಯ್ದು ತೋರಿಸಬಹುದು. ಅದಕ್ಕಿಂತ ಮುಖ್ಯವಾಗಿ, ಇಂಗ್ಲಿಷ್ ಬಲ್ಲ ನಮ್ಮ ಮಕ್ಕಳ ಕೈಗೆ ನೇಕಾರರ ಆ ಪದ್ಯವನ್ನು ಕೊಟ್ಟು, ಇದನ್ನು ಕನ್ನಡಕ್ಕೆ ಮಾಡು ನೋಡೋಣ ಎನ್ನಬಹುದು. ‘ಮಗ್ಗ’, ‘ಹಾಸು’, ‘ಹೊಕ್ಕು’, ‘ಲಾಳಿ’ ಎಂಬ ಮಾತುಗಳನ್ನು ಹುಡುಕಿಕೊಂಡು ಮಗು ಅಜ್ಜಿಯ ಬಳಿಗೆ ಹೋಗಬೇಕಾದೀತು. ಬಾಗಿಲು ಮುಚ್ಚದೆ ಭಾಷೆ ಕಲಿಸುವ ದಾರಿ ಅದು.